ನಾಟಿ ಕೋಳಿಯ ಲೆಕ್ಕಪತ್ರ

ಬೆಂಗಳೂರು-ಮೈಸೂರಿನ ಕಡೆ ನಾಟಿ ಕೋಳಿ, ಹುಬ್ಬಳ್ಳಿ-ಧಾರವಾಡದ ಕಡೆ ಜವಾರಿ ಕೋಳಿ, ಮಂಗಳೂರು-ಉಡುಪಿಯ ಕಡೆ ಊರ ಕೋಳಿ. ಮೂರು ಹೆಸರೂ ಹೇಳುವುದು ಒಂದೇ ಮಾತು: ಇದು ನಮ್ಮದು, ಇಲ್ಲಿಯದು, ಹೊರಗಿನಿಂದ ತಂದದ್ದಲ್ಲ. ನಾನು ಈಗ ಬಾಳುತ್ತಿರುವ ಸ್ವೀಡನ್ನಿನಲ್ಲಿ ಇಂಥ ಕೋಳಿಗೆ ‘ಲಾಂತ್‌ಹೋನ್ಸ್’ ಎನ್ನುತ್ತಾರೆ. ‘ಲಾಂತ್’ ಎಂದರೆ ನಾಡು, ಹಳ್ಳಿಗಾಡು. ‘ಹೋನ್ಸ್’ ಎಂದರೆ ಕೋಳಿ. ಪದಕ್ಕೆ ಪದ ಇಟ್ಟರೆ ನಾಟಿ ಕೋಳಿಯೇ. ಎರಡು ಭಾಷೆಗಳಿಗೆ ನಂಟಿಲ್ಲ, ಎರಡು ನಾಡುಗಳ ನಡುವೆ ಏಳೆಂಟು ಸಾವಿರ ಕಿಲೋಮೀಟರ್ ದೂರವಿದೆ. ಆದರೂ ಹಿತ್ತಲಿನ ಕೋಳಿಗೆ ಜನ ಇಟ್ಟ ಹೆಸರು ಒಂದೇ ಅರ್ಥದ್ದು.

ಹೆಸರೇನೋ ಸರಿ. ಆದರೆ ಕಣ್ಣೆದುರು ಕೆದಕುತ್ತಿರುವ ಕೋಳಿ ನಿಜವಾಗಿ ಆ ಹೆಸರಿಗೆ ಸೇರಿದ್ದೋ, ಅದರ ಹಾಗೆ ಕಾಣುವ ಬೆರಕೆಯೋ ಎಂದು ತಿಳಿಯುವುದು ಹೇಗೆ? ಬಿ.ಕಾಂ., ಸಿ.ಎ. ಓದಿ, ಇಪ್ಪತ್ತು ವರ್ಷ ಬೇರೆಯವರ ಲೆಕ್ಕ ಸರಿಯೋ ತಪ್ಪೋ ಎಂದು ನೋಡುತ್ತ ಬಂದವನಿಗೆ ಈ ಪ್ರಶ್ನೆ ಹೊಸದಾಗಿ ಕಾಣಲಿಲ್ಲ. ಅಸಲಿಗೂ ಅಸಲಿಯಂತೆ ಕಾಣುವುದಕ್ಕೂ ಇರುವ ವ್ಯತ್ಯಾಸ ಹುಡುಕುವುದೇ ನಮ್ಮ ಕಸುಬು. ಆದರೆ ಕೋಳಿಯ ಚರಿತ್ರೆಯನ್ನು ಹಿಡಿದು ಹೊರಟರೆ ಆ ಪ್ರಶ್ನೆ ಕೋಳಿಯಲ್ಲಿಯೇ ನಿಲ್ಲುವುದಿಲ್ಲ.

‘ಶುದ್ಧ ತಳಿ’ ಎಂಬ ಮಾತು ಬಹಳ ಹಳೆಯದೆಂದು ನಾವು ತಿಳಿದಿದ್ದೇವೆ. ಕೋಳಿಯ ಮಟ್ಟಿಗೆ ಅದಕ್ಕೆ ಇನ್ನೂರು ವರ್ಷವೂ ತುಂಬಿಲ್ಲ. ಅದಕ್ಕೂ ಮೊದಲು ಕೋಳಿಗೆ ಊರಿತ್ತು, ಬಣ್ಣವಿತ್ತು, ತಳಿಯ ಪ್ರಮಾಣಪತ್ರ ಇರಲಿಲ್ಲ. ತುಳುನಾಡಿನ ಕೋಳಿ ಅಂಕದವರು ಹುಂಜವನ್ನು ಬೊಳ್ಳೆ, ನೀಲೆ, ಕೆಮ್ಮೈರೆ ಎಂದು ಬಣ್ಣ ನೋಡಿ ಕರೆಯುತ್ತಾರೆ. ಯಾವ ದಿನ ಯಾವ ಬಣ್ಣಕ್ಕೆ ಗೆಲುವು ಎಂದು ಹೇಳಲು ಕುಕ್ಕುಟ ಪಂಚಾಂಗವೇ ಇದೆ. ಹುಂಜದ ಅಜ್ಜ ಯಾರೆಂದು ಆ ಪಂಚಾಂಗ ಕೇಳುವುದಿಲ್ಲ.

ಕೋಳಿಯ ವಂಶದ ಚಿಂತೆ ಶುರುವಾದದ್ದು 1840ರ ದಶಕದ ಇಂಗ್ಲೆಂಡಿನಲ್ಲಿ. ಅಫೀಮು ಯುದ್ಧದ ನಂತರ ಚೀನಾದ ಬಂದರುಗಳು ತೆರೆದವು. ಅಲ್ಲಿಂದ ಹೋದ ದೊಡ್ಡ ಗಾತ್ರದ, ಕಾಲಿನ ಮೇಲೂ ಪುಕ್ಕವಿರುವ ಕೋಳಿಗಳು ವಿಕ್ಟೋರಿಯಾ ರಾಣಿಯ ಅಂಗಳ ಸೇರಿದವು. 1845ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ದೊಡ್ಡ ಕೋಳಿ ಪ್ರದರ್ಶನ ನಡೆಯಿತು. ಜನ ಮುಗಿಬಿದ್ದರು. ಆ ಹುಚ್ಚಿಗೆ ‘ಕೋಳಿ ಜ್ವರ’ ಎಂದೇ ಹೆಸರಾಯಿತು. ಒಂದು ಜೋಡಿ ಕೋಳಿಗೆ ಕೂಲಿಯವನ ವರ್ಷದ ಸಂಬಳ ಕೊಡುವವರೂ ಹುಟ್ಟಿಕೊಂಡರು. ಬೆಲೆ ಬಂದ ಕಡೆ ನಕಲಿಯೂ ಬರುತ್ತದೆ.

ಅಮೆರಿಕದ ಜಾರ್ಜ್ ಬರ್ನ್‌ಹ್ಯಾಮ್ ಎಂಬ ಚತುರ ವ್ಯಾಪಾರಿ 1852ರಲ್ಲಿ ರಾಣಿಗೆ ತನ್ನ ಕೋಳಿಗಳನ್ನು ಉಡುಗೊರೆಯಾಗಿ ಕಳಿಸಿ, ಆ ಪ್ರಚಾರದಿಂದಲೇ ದುಡ್ಡು ಮಾಡಿಕೊಂಡ. ಮೂರು ವರ್ಷದ ನಂತರ ಆ ಇಡೀ ಹುಚ್ಚನ್ನು ಗೇಲಿ ಮಾಡಿ ಒಂದು ಪುಸ್ತಕವನ್ನೂ ಬರೆದ! ಅವನು ಮಾರುತ್ತಿದ್ದ ಬಗೆಯ ಕೋಳಿಗೆ ಕೊನೆಗೆ ನಿಂತ ಹೆಸರು ‘ಬ್ರಹ್ಮ’. ನಮ್ಮ ಬ್ರಹ್ಮಪುತ್ರಾ ನದಿಯ ಹೆಸರಿನಿಂದ ಕತ್ತರಿಸಿಕೊಂಡದ್ದು. ಕೋಳಿಯ ಹಿರಿಯರು ಹಡಗು ಹತ್ತಿದ್ದು ಶಾಂಘೈಯಲ್ಲಿ, ತಳಿಯಾಗಿ ರೂಪುಗೊಂಡದ್ದು ಅಮೆರಿಕದಲ್ಲಿ, ಹೆಸರು ಮಾತ್ರ ಅಸ್ಸಾಮಿನದು. ಇಂದು ಪ್ರದರ್ಶನಗಳಲ್ಲಿ ಅದೇ ಬ್ರಹ್ಮ ಕೋಳಿ ಶುದ್ಧ ತಳಿಗಳ ಸಾಲಿನಲ್ಲಿ ಗಂಭೀರವಾಗಿ ನಿಲ್ಲುತ್ತದೆ. 1874ರಲ್ಲಿ ಅಮೆರಿಕದ ಕೋಳಿ ಸಾಕಣೆದಾರರ ಸಂಘ ತಳಿಗಳ ಗುಣಲಕ್ಷಣಗಳ ಪುಸ್ತಕ ಪ್ರಕಟಿಸಿದ ಮೇಲೆ, ಶುದ್ಧ ತಳಿ ಎಂದರೆ ಪುಸ್ತಕದ ವಿವರಣೆಗೆ ಹೊಂದುವ ಹಕ್ಕಿ ಎಂದಾಯಿತು.

ಆ ವಿವರಣೆಗಳಲ್ಲಿ ಏನಿರುತ್ತದೆ? ಮೊದಲು ಜುಟ್ಟು: ಗರಗಸದ ಹಲ್ಲಿನಂತೆ ಒಂಟಿಯಾಗಿ ನಿಂತಿದೆಯೇ, ಅಗಲವಾಗಿ ಚಪ್ಪಟೆಯಾಗಿದೆಯೇ, ಬಟಾಣಿ ಸಾಲಿನಂತೆ ಮೂರು ಗೆರೆಯಾಗಿದೆಯೇ. ಆಮೇಲೆ ಕಿವಿಯ ಕೆಳಗಿನ ತೊಗಲು ಕೆಂಪೋ ಬಿಳಿಯೋ, ಕಾಲು ಹಳದಿಯೋ ಬಿಳಿಯೋ ಬೂದಿಯೋ, ಬೆರಳು ನಾಲ್ಕೋ ಐದೋ, ಕಾಲಿನ ಮೇಲೆ ಪುಕ್ಕ ಇದೆಯೋ ಇಲ್ಲವೋ, ಮೊಟ್ಟೆಯ ಚಿಪ್ಪಿನ ಬಣ್ಣ ಯಾವುದು. ಐದು ಬೆರಳು ಇರಬೇಕಾದ ಡಾರ್ಕಿಂಗ್ ತಳಿಯಲ್ಲಿ ನಾಲ್ಕೇ ಬೆರಳು ಕಂಡರೆ ಅನುಮಾನಪಡಬೇಕು. ನಾಲ್ಕು ಬೆರಳಿನ ತಳಿಯಲ್ಲಿ ಐದು ಕಂಡರೆ ಎಲ್ಲೋ ಬೇಲಿ ಹಾರಿದೆ ಎಂದು ತಿಳಿಯಬೇಕು.

ಈ ಗುರುತುಗಳಿಂದ ‘ಇದು ಅಲ್ಲ’ ಎಂದು ಹೇಳಬಹುದು. ‘ಇದು ಹೌದು’ ಎಂದು ಹೇಳಲಾಗುವುದಿಲ್ಲ. ಏಕೆಂದು ಕೇಂಬ್ರಿಜ್‌ನ ವಿಲಿಯಂ ಬೇಟ್‌ಸನ್ 1902ರ ಸುಮಾರಿಗೆ ಕೋಳಿ ಜುಟ್ಟಿನಿಂದಲೇ ತೋರಿಸಿದ. ಮೆಂಡಲ್ ಬಟಾಣಿ ಗಿಡದಲ್ಲಿ ಕಂಡ ನಿಯಮ ಪ್ರಾಣಿಗಳಿಗೂ ಅನ್ವಯಿಸುತ್ತದೆ ಎಂಬುದಕ್ಕೆ ಮೊದಮೊದಲು ಸಿಕ್ಕ ಸಾಕ್ಷಿಗಳಲ್ಲಿ ಕೋಳಿಯದೂ ಒಂದು. ಚಪ್ಪಟೆ ಜುಟ್ಟಿನ ತಳಿಯನ್ನೂ ಬಟಾಣಿ ಜುಟ್ಟಿನ ತಳಿಯನ್ನೂ ಕೂಡಿಸಿದರೆ ಹುಟ್ಟುವ ಮರಿಗಳೆಲ್ಲಕ್ಕೂ ಅಕ್ರೋಟಿನಂತಹ, ತಂದೆತಾಯಿಗಳಿಗೆ ಇಲ್ಲದ ಮೂರನೆಯ ಬಗೆಯ ಜುಟ್ಟು. ನೋಡಿದರೆ ಎಲ್ಲ ಒಂದೇ ಅಚ್ಚಿನವು, ಹೊಸ ತಳಿಯೇ ಇರಬೇಕು ಎನಿಸುತ್ತದೆ. ಅವುಗಳನ್ನೇ ಪರಸ್ಪರ ಕೂಡಿಸಿದರೆ ಮುಂದಿನ ಪೀಳಿಗೆಯಲ್ಲಿ ಸರಾಸರಿ 16ಕ್ಕೆ 9 ಅಕ್ರೋಟ್, 3 ಚಪ್ಪಟೆ, 3 ಬಟಾಣಿ, 1 ಒಂಟಿ ಜುಟ್ಟು. ಅಜ್ಜ ಅಜ್ಜಿಯರಲ್ಲಿಯೂ ಕಾಣದಿದ್ದ ಒಂಟಿ ಜುಟ್ಟು ಮೊಮ್ಮಗನ ತಲೆಯ ಮೇಲೆ ಏಳುತ್ತದೆ. ಬೆರಕೆಯ ಮೊದಲ ಪೀಳಿಗೆ ಎಷ್ಟೋ ಸಲ ಶುದ್ಧ ತಳಿಗಿಂತ ಹೆಚ್ಚು ಏಕರೂಪವಾಗಿ ಕಾಣುತ್ತದೆ. ಗುಟ್ಟು ರಟ್ಟಾಗುವುದು ಎರಡನೆಯ ಪೀಳಿಗೆಯಲ್ಲಿ. ಅಂದರೆ ಕೊಂಡವನು ದುಡ್ಡು ಕೊಟ್ಟು ವರ್ಷ ಕಳೆದ ಮೇಲೆ.

ಈಗ ಸ್ವೀಡನ್ನಿಗೆ ಬರೋಣ. ಇಲ್ಲಿಯೂ ಹೊರಗಿನ ಹೆಚ್ಚು ಮೊಟ್ಟೆಯ ತಳಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಊರಿನ ಕೋಳಿಗಳನ್ನು ಒಂದೊಂದಾಗಿ ಮೂಲೆಗೆ ತಳ್ಳಿದವು. ಉಳಿದದ್ದು ದ್ವೀಪಗಳಲ್ಲಿ, ಕಾಡಿನ ಅಂಚಿನ ಒಂಟಿಮನೆಗಳಲ್ಲಿ, ಹೊಸದನ್ನು ತರಲು ಮನಸ್ಸಿಲ್ಲದ ಮುದುಕಿಯರ ಹಿತ್ತಲಲ್ಲಿ. ನಾನಿರುವ ಓರೆಬ್ರೂವಿನಿಂದ ಉತ್ತರಕ್ಕೆ ದಲಾರ್ನಾ ಪ್ರಾಂತದಲ್ಲಿ ಹೆಡೆಮೊರಾ ಎಂಬ ಊರಿದೆ. ಅಲ್ಲಿನ ಕೋಳಿಯ ಕೆಲವಕ್ಕೆ ಪುಕ್ಕವೇ ಉಣ್ಣೆಯಂತೆ ಸಡಿಲ. ಚಳಿಗೆ ಒಗ್ಗಿಕೊಂಡ ಜಾತಿ. ದಕ್ಷಿಣದ ಸ್ಕೋನೆಯಲ್ಲಿ ಮೈತುಂಬ ಬಿಳಿ ಹೂವಿನಂತೆ ಚುಕ್ಕಿ ಇರುವ ‘ಬ್ಲೊಮ್ಮೆ’ ಕೋಳಿ ಇತ್ತು. ಅದು ಅಳಿದೇ ಹೋಯಿತೆಂದು ತಿಳಿದಿದ್ದಾಗ 1980ರ ದಶಕದಲ್ಲಿ ವೊಂಬ್, ಎಸಾರ್ಪ್, ತೊಫ್ತಾ ಎಂಬ ಮೂರು ಹಳ್ಳಿಗಳಲ್ಲಿ ಉಳಿಕೆ ಹಿಂಡುಗಳು ಸಿಕ್ಕವು. ಪಶ್ಚಿಮದ ಬೊಹುಸ್‌ಲೆನ್-ದಾಲ್ ಸೀಮೆಯಲ್ಲಿ ಪುಕ್ಕ, ಚರ್ಮ, ಮೂಳೆ ಎಲ್ಲ ಕಪ್ಪಾದ ಕೋಳಿ ಇದೆ. ನಮ್ಮ ಮಧ್ಯಪ್ರದೇಶದ ಕಡಕ್‌ನಾಥ್‌ನ ತಮ್ಮನಂತೆ ಕಾಣುತ್ತದೆ.

ಇವುಗಳನ್ನು ಉಳಿಸಲು 1986ರಲ್ಲಿ ಸ್ವೀಡಿಷ್ ನಾಟಿಕೋಳಿ ಸಂಘ, ಅಂದರೆ ‘ಸ್ವೆನ್ಸ್ಕಾ ಲಾಂತ್‌ಹೋನ್ಸ್‌ಕ್ಲುಬ್ಬೆನ್’ ಶುರುವಾಯಿತು. ಅವರ ಜೀನ್ ಬ್ಯಾಂಕ್ ಒಂದು ಕಟ್ಟಡದಲ್ಲಿಲ್ಲ. ದೇಶದ ತುಂಬ ಚದುರಿದ ಸದಸ್ಯರ ಕೋಳಿಗೂಡುಗಳೇ ಬ್ಯಾಂಕು. ಒಂದು ಕಡೆ ನರಿ ನುಗ್ಗಿದರೆ, ಹಕ್ಕಿಜ್ವರ ಬಂದರೆ, ಇನ್ನೊಂದು ಕಡೆ ಉಳಿದಿರಲಿ ಎಂಬ ಲೆಕ್ಕ. ಯಾವ ಹಿಂಡು ಎಲ್ಲಿಂದ ಬಂತು, ಅದಕ್ಕೂ ಹಿಂದೆ ಎಲ್ಲಿಂದ ಎಂಬ ಸರಣಿ ಮೂಲ ಹಳ್ಳಿಯವರೆಗೆ ತುಂಡಾಗದೆ ಹೋಗಬೇಕು. ಬೇರೆ ತಳಿಯ ಜೊತೆ ಬೆರೆಯುವ ದಾರಿ ಇರಬಾರದು.

ಓರೆಬ್ರೂ ಹೊರವಲಯದಲ್ಲಿ ಹೆಡೆಮೊರಾ ಕೋಳಿ ಸಾಕಿರುವ ಹಿರಿಯರೊಬ್ಬರು ನನಗೆ ಪರಿಚಯ. ರಜೆಗೆ ಬಂದಿದ್ದ ನನ್ನ ಮಾವನವರನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮಾವ ತುಮಕೂರಿನವರು, ಕೋಳಿ ಕಂಡವರು. ಹಿಂಡಿನಲ್ಲಿ ಒಂದು ಕಪ್ಪು, ಒಂದು ಬೂದು, ಒಂದು ಗೋಧಿ ಬಣ್ಣ. ಒಂದರ ಕಾಲಿಗೆ ಪುಕ್ಕ, ಇನ್ನೊಂದರದು ಬೋಳು.

“ಇದೇನಪ್ಪಾ, ಒಂದೂ ಇನ್ನೊಂದರ ಹಾಗಿಲ್ಲ. ಇದನ್ನ ಶುದ್ಧ ತಳಿ ಅಂತಾರಾ?” ಎಂದು ಮಾವ ನನ್ನನ್ನು ಕೇಳಿದರು. ನಾನು ಸ್ವೀಡಿಷ್‌ಗೆ ತಂದು ಹೇಳಿದೆ. ಆ ಹಿರಿಯರು ನಕ್ಕು, ಒಳಗಿನಿಂದ ಒಂದು ಹಳೆಯ ನೋಟು ಪುಸ್ತಕ ತಂದರು. ಹಿಂಡು ಯಾರ ಮನೆಯಿಂದ ಯಾವ ವರ್ಷ ಬಂತು, ಯಾವ ಹುಂಜವನ್ನು ಯಾವಾಗ ಬದಲಿಸಿದರು, ಪ್ರತಿ ವರ್ಷ ಎಷ್ಟು ಹೇಂಟೆ, ಎಷ್ಟು ಹುಂಜ, ಎಲ್ಲ ಅದರಲ್ಲಿತ್ತು. “ಕೋಳಿ ನೋಡಿದರೆ ಗೊತ್ತಾಗದು, ಇದನ್ನು ನೋಡಿದರೆ ಗೊತ್ತಾಗುತ್ತದೆ” ಎಂದರು. ಮಾವ ನನ್ನ ಕಡೆ ತಿರುಗಿ, “ನಿಮ್ಮ ಆಫೀಸಿನ ಕೆಲಸವೇ ಇದು” ಎಂದರು.

ನಿಜವೇ. ಜಮಾಖರ್ಚಿನ ಪಟ್ಟಿ ಎಷ್ಟೇ ಚೆನ್ನಾಗಿ ತಾಳೆಯಾದರೂ ನಾವು ಸಹಿ ಹಾಕುವುದಿಲ್ಲ; ವೋಚರ್ ಕೇಳುತ್ತೇವೆ. ಪ್ರದರ್ಶನದ ತಳಿಯಲ್ಲಿ ಶುದ್ಧತೆ ಎಂದರೆ ಒಂದೇ ತರಹ ಕಾಣುವುದು. ನಾಟಿ ತಳಿಯಲ್ಲಿ ಶುದ್ಧತೆ ಎಂದರೆ ಮೂಲದ ದಾಖಲೆ. ಒಳಗಿನ ಬಗೆಬಗೆಯ ಬಣ್ಣ ದೋಷವಲ್ಲ, ಉಳಿಸಬೇಕಾದ ಆಸ್ತಿ. ಚಂದ ಕಂಡ ಹುಂಜವನ್ನಷ್ಟೇ ಇಟ್ಟುಕೊಂಡು ಉಳಿದವನ್ನು ತೆಗೆಯುತ್ತ ಹೋದರೆ ನೂರಾರು ವರ್ಷ ಕೂಡಿಟ್ಟ ಬಂಡವಾಳ ಹತ್ತು ವರ್ಷದಲ್ಲಿ ಕರಗುತ್ತದೆ. ಇನ್ನೊಂದು ಎಚ್ಚರ: ಹೇಂಟೆಯ ದೇಹದಲ್ಲಿ ಹುಂಜದ ವೀರ್ಯ ಎರಡು ಮೂರು ವಾರ ಉಳಿದಿರುತ್ತದೆ. ಪಕ್ಕದ ಮನೆಯ ಹುಂಜ ಒಂದು ದಿನ ಬೇಲಿ ಹಾರಿ ಬಂದರೆ, ಆಮೇಲಿನ ಅಷ್ಟು ವಾರದ ಮೊಟ್ಟೆಯನ್ನು ಮರಿ ಮಾಡಿಸಲು ಇಡುವಂತಿಲ್ಲ. ಮೊಟ್ಟೆ ನೋಡಿ ಯಾರೂ ಹೇಳಲಾರರು. ಮನೆಯವರು ಪ್ರಾಮಾಣಿಕವಾಗಿ ಬರೆದಿಟ್ಟರೆ ಮಾತ್ರ ತಿಳಿಯುತ್ತದೆ.

ನಮ್ಮಲ್ಲಿ ಈ ನೋಟು ಪುಸ್ತಕ ಇಲ್ಲ. 1980ರ ದಶಕದ ಕೊನೆಯಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ವಿಜ್ಞಾನಿಗಳು ‘ಗಿರಿರಾಜ’ ಎಂಬ ಕೋಳಿಯನ್ನು ರೂಪಿಸಿದರು. 2005ರಲ್ಲಿ ‘ಸ್ವರ್ಣಧಾರಾ’ ಬಂತು. ಹೈದರಾಬಾದಿನ ಕುಕ್ಕುಟ ಸಂಶೋಧನಾ ಸಂಸ್ಥೆಯಿಂದ ‘ವನರಾಜ’. ಹಿತ್ತಲಲ್ಲಿ ಮೇಯಬೇಕು, ರೋಗ ತಡೆಯಬೇಕು, ನಾಟಿಗಿಂತ ಬೇಗ ತೂಕ ಬರಬೇಕು, ಮೊಟ್ಟೆ ಎರಡರಷ್ಟಾದರೂ ಇಡಬೇಕು ಎಂಬುದು ಉದ್ದೇಶ. ಅದು ಬಹುಮಟ್ಟಿಗೆ ಈಡೇರಿತು. ಬಡ ರೈತ ಮಹಿಳೆಯರ ಕೈಗೆ ನಾಲ್ಕು ಕಾಸು ಬಂತು. ಬಣ್ಣಬಣ್ಣದ ಪುಕ್ಕವನ್ನೂ ಬೇಕೆಂದೇ ಉಳಿಸಿಕೊಂಡರು. ಬಿಳಿ ಫಾರಂ ಕೋಳಿಯನ್ನು ಹಳ್ಳಿಯಲ್ಲಿ ಹದ್ದು ಸುಲಭವಾಗಿ ಕಾಣುತ್ತದೆ, ಜನರಿಗೂ ಬಣ್ಣದ ಕೋಳಿಯೇ ಇಷ್ಟ.

ಆ ಬಣ್ಣವೇ ಸಂತೆಯಲ್ಲಿ ಮೋಸಕ್ಕೆ ದಾರಿಯಾಯಿತು. ಗಿರಿರಾಜನನ್ನು ನಾಟಿ ಎಂದು ನಾಟಿಯ ಬೆಲೆಗೆ ಮಾರುವುದು ಈಗ ಎಲ್ಲರಿಗೂ ಗೊತ್ತಿರುವ ಸಂಗತಿ. ತಿಳಿದವರು ನೋಡುವ ಗುರುತುಗಳಿವೆ. ನಾಟಿಯದು ಸಣ್ಣ ಎಲುಬು, ಬಿಗಿ ಮೈ, ಕೆದಕಿ ಕೆದಕಿ ಸವೆದ ಉಗುರು, ಕೈಗೆ ಸಿಗದ ಚುರುಕು. ಗಿರಿರಾಜನ ಕಾಲು ದಪ್ಪ, ನಡಿಗೆ ಭಾರ, ಅದೇ ವಯಸ್ಸಿಗೆ ತೂಕ ಹೆಚ್ಚು. ಎಲ್ಲಕ್ಕಿಂತ ಖಚಿತವಾದದ್ದು ಸಂತೆಯಲ್ಲಿ ಕಾಣದ ಗುಣ: ನಾಟಿ ಹೇಂಟೆ ಕಾವಿಗೆ ಕೂರುತ್ತದೆ, ಮರಿ ಮಾಡುತ್ತದೆ, ಗಿಡುಗ ಬಂದರೆ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುತ್ತದೆ. ಹೆಚ್ಚು ಮೊಟ್ಟೆಗಾಗಿ ರೂಪಿಸಿದ ಕೋಳಿಯಲ್ಲಿ ಆ ಗುಣ ಬಹುಪಾಲು ಅಳಿಸಿಹೋಗಿದೆ. ಗಿರಿರಾಜನ ಮೊಟ್ಟೆಯಿಂದ ಮನೆಯಲ್ಲಿ ಮರಿ ಮಾಡಿಸಬೇಡಿ, ಹೊಸ ಮರಿ ತನ್ನಿ ಎಂದು ರೈತರಿಗೆ ಹೇಳುವುದಕ್ಕೆ ಕಾರಣ ಬೇಟ್‌ಸನ್ ಕಂಡದ್ದೇ: ಮುಂದಿನ ಪೀಳಿಗೆಯಲ್ಲಿ ಗುಣಗಳು ಚದುರುತ್ತವೆ.

ಗಿರಿರಾಜನದು ತಪ್ಪಿಲ್ಲ. ತನ್ನ ಹೆಸರಿನಲ್ಲಿ ಮಾರಾಟವಾದರೆ ಅದು ಒಳ್ಳೆಯ ಕೋಳಿ. ನಷ್ಟವಾಗುವುದು ಊರಿನ ಹುಂಜವೆಲ್ಲ ಗಿರಿರಾಜನ ಮಗನಾದ ದಿನ. ಬಣ್ಣ ಹಾಗೇ ಇರುತ್ತದೆ, ಹೆಸರೂ ನಾಟಿ ಎಂದೇ ಇರುತ್ತದೆ. ಕಾವು ಕೂರುವ ಹೇಂಟೆ ಮಾತ್ರ ಇರುವುದಿಲ್ಲ. ಪುಸ್ತಕವಿಲ್ಲದ ಕಡೆ ಇಂಥ ನಷ್ಟ ಯಾವ ಖಾತೆಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.

ದಾಖಲೆ ಇಡುವುದು ನಮಗೆ ಗೊತ್ತೇ ಇರಲಿಲ್ಲ ಎಂದಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರು (1673–1704) ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನೇ ದನಗಳಿಗಾಗಿ ಇಟ್ಟಿದ್ದರು. ಹೈದರಾಲಿಯ ಕಾಲದಲ್ಲಿ ಅದು ಬೆಳೆಯಿತು. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು, ಹುಕುಂನಾಮೆ ಬರೆಸಿ ನಿಯಮ ಮಾಡಿದ. ತೋಪು ಎಳೆಯುವ, ಸೇನೆಯ ಸಾಮಾನು ಹೊರುವ ಆ ಎತ್ತುಗಳ ಹೆಸರು ಬ್ರಿಟಿಷರ ವರದಿಗಳಲ್ಲೆಲ್ಲ ಇದೆ. 1860ರಲ್ಲಿ, ಖರ್ಚು ಕಡಿಮೆ ಮಾಡಬೇಕೆಂದು ಬ್ರಿಟಿಷ್ ಆಡಳಿತ ಹಿಂಡನ್ನು ಮಾರಿಬಿಟ್ಟಿತು. ಒಳ್ಳೆಯ ರಾಸುಗಳು ಈಜಿಪ್ಟಿನ ಪಾಷಾನ ಪಾಲಾದವು. ಕೆಲವೇ ವರ್ಷಗಳಲ್ಲಿ ಸೈನ್ಯಕ್ಕೆ ಎತ್ತು ಸಿಗದಾಗ ತಪ್ಪಿನ ಅರಿವಾಯಿತು. 1866ರಲ್ಲಿ ಚದುರಿದ್ದನ್ನು ಕಷ್ಟಪಟ್ಟು ಮತ್ತೆ ಕೂಡಿಸಿದರು. ಒಂದು ವರ್ಷದ ಉಳಿತಾಯಕ್ಕೆ ಎರಡು ಶತಮಾನದ ಆಸ್ತಿಯನ್ನು ಗುಜರಿಗೆ ಹಾಕಿದ ಈ ಲೆಕ್ಕವನ್ನು ನಮ್ಮ ಸಿ.ಎ. ವಿದ್ಯಾರ್ಥಿಗಳಿಗೆ ಪಾಠವಾಗಿ ಇಡಬೇಕು.

ಆ ಕಥೆಯಲ್ಲಿಯೇ ಇನ್ನೊಂದು ಎಳೆ ಇದೆ. ಅಮೃತಮಹಲ್ ಎಂಬ ಪ್ರಸಿದ್ಧ ತಳಿ ಮೊದಲಿಗೆ ಒಂದೇ ತಳಿಯಾಗಿರಲಿಲ್ಲ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ದನಗಳು ಸೇರಿ ಆದದ್ದು. ಇಂದಿನ ಶುದ್ಧ ತಳಿ ನಿನ್ನೆಯ ಬೆರಕೆ.

ಕೋಳಿಯ ವಿಷಯದಲ್ಲಿ ಈ ಮಾತನ್ನು ಕೊನೆಯವರೆಗೆ ಹಿಡಿದು ನೋಡಿದವರು ಓರೆಬ್ರೂವಿನಿಂದ ಎರಡು ಗಂಟೆಯ ದಾರಿಯ ಉಪ್ಸಾಲಾ ವಿಶ್ವವಿದ್ಯಾಲಯದವರು. ಡಾರ್ವಿನ್ 1868ರ ತನ್ನ ಪುಸ್ತಕದಲ್ಲಿ ಸಾಕು ಕೋಳಿಗಳೆಲ್ಲ ಕೆಂಪು ಕಾಡುಕೋಳಿಯೊಂದರಿಂದಲೇ ಬಂದವು ಎಂದು ವಾದಿಸಿದ್ದ. ನೂರನಲವತ್ತು ವರ್ಷ ಅದೇ ನಿಂತಿತ್ತು. 2008ರಲ್ಲಿ ಉಪ್ಸಾಲಾದ ಲೇಫ್ ಆಂಡರ್ಸನ್ ಅವರ ತಂಡ ಕೋಳಿಯ ಹಳದಿ ಕಾಲಿನ ಕಾರಣ ಹುಡುಕಿತು. ಮೇವಿನಲ್ಲಿರುವ ಹಳದಿ ಬಣ್ಣದ ವಸ್ತುವನ್ನು ಒಡೆಯುವ ಒಂದು ಜೀನ್ ಚರ್ಮದಲ್ಲಿ ಸುಮ್ಮನಾದರೆ ಬಣ್ಣ ಅಲ್ಲೇ ಉಳಿಯುತ್ತದೆ, ಕಾಲು ಹಳದಿಯಾಗುತ್ತದೆ. ಆ ಬಗೆಯ ಜೀನ್ ಕೆಂಪು ಕಾಡುಕೋಳಿಯದಲ್ಲ. ಅದು ಬಂದದ್ದು ಬಹುಮಟ್ಟಿಗೆ ಬೂದು ಕಾಡುಕೋಳಿಯಿಂದ ಎಂದು ತಂಡ ತೋರಿಸಿತು. ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳಗಿನ ಜಾವ ಕೂಗುವ, ಬಿಳಿಗಿರಿರಂಗನ ಬೆಟ್ಟದಲ್ಲಿ ರಸ್ತೆ ದಾಟಿ ಪೊದೆ ಸೇರುವ ಅದೇ ಕಾಡುಕೋಳಿ! ಅಮೆರಿಕದ ಬ್ರಹ್ಮದ ಕಾಲಿನಲ್ಲಿ, ಇಟಲಿಯ ಲೆಗ್‌ಹಾರ್ನ್ ಕಾಲಿನಲ್ಲಿ, ಶುದ್ಧ ತಳಿಯ ಗುರುತೆಂದು ಪುಸ್ತಕದಲ್ಲಿ ಬರೆದಿಟ್ಟ ಹಳದಿ ಬಣ್ಣದಲ್ಲಿ ನಮ್ಮ ಕಡೆಯ ಕಾಡಿನ ಪಾಲಿದೆ.

ಕಪ್ಪು ಕೋಳಿಯ ಕಥೆಯೂ ಹಾಗೆಯೇ. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ವೀಡನ್ನಿನ ಬೊಹುಸ್‌ಲೆನ್-ದಾಲ್ ಕೋಳಿ, ಚೀನಾದ ಸಿಲ್ಕಿ, ಇಂಡೋನೇಷ್ಯಾದ ಅಯಾಮ್ ಚೆಮಾನಿ, ವಿಯೆಟ್ನಾಮಿನ ಕಪ್ಪು ಕೋಳಿ ಎಲ್ಲಕ್ಕೂ ಒಂದೇ ಜೀನ್ ಬದಲಾವಣೆ ಕಂಡಿತು. ಆಮೇಲೆ ಕಡಕ್‌ನಾಥ್‌ನಲ್ಲಿಯೂ ಅದೇ ಸಿಕ್ಕಿತು. ಬೇರೆ ಬೇರೆ ಕಡೆ ಬೇರೆ ಬೇರೆಯಾಗಿ ಕಪ್ಪಾದದ್ದಲ್ಲ. ಯಾವುದೋ ಕಾಲದ ಒಂದೇ ಮೂಲದಿಂದ ಹೊರಟ ಗುಣ ಸ್ವೀಡನ್ನಿನ ಕರಾವಳಿಯವರೆಗೆ ಬಂದು, ಅಲ್ಲಿನ ‘ನಾಟಿ’ ಆಯಿತು.

ಈ ಉಪ್ಸಾಲಾದಲ್ಲಿಯೇ, 1922ರಲ್ಲಿ, ಸ್ವೀಡಿಷ್ ಸರ್ಕಾರ ಜನಾಂಗ ಜೀವಶಾಸ್ತ್ರದ ಸಂಸ್ಥೆಯೊಂದನ್ನು ತೆರೆದಿತ್ತು ಎಂಬುದನ್ನು ಇಲ್ಲಿ ಹೇಳದೆ ಹೋದರೆ ಲೆಕ್ಕ ಪೂರ್ತಿಯಾಗದು. ಅದರ ಮುಖ್ಯಸ್ಥ ಹೆರ್ಮನ್ ಲುಂಡ್‌ಬೋರ್ಗ್ ಮನುಷ್ಯರ ತಲೆ ಅಳೆದ, ಕಣ್ಣು ಕೂದಲಿನ ಬಣ್ಣ ಬರೆದುಕೊಂಡ, ಉತ್ತರದ ಸಾಮಿ ಜನರನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿದ. ಬೆರಕೆಯಿಂದ ಜನಾಂಗ ಕೆಡುತ್ತದೆ ಎಂಬುದು ಅವನ ನಂಬಿಕೆ. 1934 ಮತ್ತು 1941ರ ಕಾನೂನುಗಳಡಿ 1975ರವರೆಗೆ ಸುಮಾರು 63,000 ಜನಕ್ಕೆ ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ ಮಾಡಲಾಯಿತು; ಅವರಲ್ಲಿ ಬಹಳ ಮಂದಿ ಒತ್ತಾಯಕ್ಕೆ ಸಿಕ್ಕವರು, ಹೆಚ್ಚಿನವರು ಹೆಂಗಸರು. 1999ರಲ್ಲಿ ಸರ್ಕಾರ ಪರಿಹಾರ ಕೊಡುವ ಕಾನೂನು ಮಾಡಿತು. ಕೋಳಿ ಪ್ರದರ್ಶನದ ಅಂಕಪಟ್ಟಿಯನ್ನು ಮನುಷ್ಯನ ಎದುರು ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನನ್ನ ಊರು ಓರೆಬ್ರೂ ಇದಕ್ಕೆ ಮೊದಲೇ ಬೇರೆ ಉತ್ತರ ಕೊಟ್ಟಿತ್ತು. 1810ರ ಆಗಸ್ಟಿನಲ್ಲಿ ಇಲ್ಲಿ ಸೇರಿದ ಸಂಸತ್ತು ಸ್ವೀಡನ್ನಿನ ಯುವರಾಜನಾಗಿ ಆರಿಸಿದ್ದು ಯಾವ ರಾಜವಂಶಕ್ಕೂ ಸೇರದ, ಒಂದು ಮಾತು ಸ್ವೀಡಿಷ್ ಬಾರದ, ಫ್ರಾನ್ಸಿನ ದಕ್ಷಿಣದ ಒಬ್ಬ ವಕೀಲನ ಮಗನನ್ನು. ನೆಪೋಲಿಯನ್ನನ ಸೇನಾಪತಿ ಬರ್ನಡೋಟ್. ಇಂದಿನ ರಾಜನೂ ಅವನ ವಂಶದವನೇ. ಈಗ ಯಾರೂ ಅವರನ್ನು ಹೊರಗಿನವರು ಎನ್ನುವುದಿಲ್ಲ. ಆದರೆ ನನ್ನ ಮಗಳನ್ನು, ಇದೇ ಊರಿನ ಆಸ್ಪತ್ರೆಯಲ್ಲಿ ಹುಟ್ಟಿದವಳನ್ನು, ‘ನೀನು ನಿಜವಾಗಿ ಎಲ್ಲಿಯವಳು?’ ಎಂದು ಕೇಳುವವರು ಇದ್ದಾರೆ. ಬೆಂಗಳೂರಿಗೆ ಹೋದರೆ, ‘ಇದೇನು ಬೆರಕೆ ಕನ್ನಡ’ ಎಂದು ನಗುವ ನೆಂಟರೂ ಇದ್ದಾರೆ. ಎರಡೂ ಕಡೆಯವರು ಕೇಳುತ್ತಿರುವುದು ಒಂದೇ: ನೀನು ಪುಸ್ತಕದ ವಿವರಣೆಗೆ ಹೊಂದುತ್ತೀಯಾ?

ಅವಳಿಗೆ ನಾನು ಹೇಳುವುದು ನಾಟಿಕೋಳಿಯವರಿಂದ ಕಲಿತದ್ದನ್ನು. ರಕ್ತ ಶುದ್ಧವೋ ಅಲ್ಲವೋ ಎಂಬ ಪ್ರಶ್ನೆ ಕೋಳಿಯಲ್ಲಿಯೇ ನಿಲ್ಲಲಿಲ್ಲ, ಮನುಷ್ಯನಲ್ಲಿ ಅದನ್ನು ಕೇಳಲೂಬಾರದು. ಆದರೆ ನಾವು ಎಲ್ಲಿಂದ ಬಂದೆವು, ಯಾರ ಕೈಯಿಂದ ಏನನ್ನು ಪಡೆದೆವು, ಅದನ್ನು ಯಾರಿಗೆ ದಾಟಿಸಿದೆವು ಎಂಬ ಲೆಕ್ಕವನ್ನು ಸರಿಯಾಗಿ ಬರೆದಿಡಬೇಕು. ಭಾಷೆ ಬೆರೆತರೆ ಕೆಡುವುದಿಲ್ಲ. ಮಾತಾಡುವ ಕೊನೆಯ ಮನೆ ಸುಮ್ಮನಾದರೆ ಹೋಗುತ್ತದೆ. ಸ್ಕೋನೆಯ ಹೂವಿನ ಕೋಳಿಯನ್ನು ಉಳಿಸಿದ್ದು ಪಂಡಿತರಲ್ಲ, ಪ್ರದರ್ಶನಗಳಲ್ಲ. ಮೂರು ಹಳ್ಳಿಗಳಲ್ಲಿ ಯಾರೋ ಕೆಲವರು, ಮೊದಲಿಂದ ಇದ್ದ ಕೋಳಿಗೆ ದಿನವೂ ಕಾಳು ಹಾಕುವುದನ್ನು ನಿಲ್ಲಿಸಲಿಲ್ಲ, ಅಷ್ಟೆ.